ಒಂದು ಅಂತ ಬರಿ

ಬೆಳಗ್ಗೆ ಎಂಟೂವರೆಗೆ, ಹಳೆಯ ಕಲ್ಲುಕ್ವಾರಿಯ ಬಾಯಲ್ಲಿ ಹಾಕಿದ್ದ ಮಡಚುವ ಮೇಜಿನ ಮುಂದೆ, ನಮ್ಮ ಅತ್ತಿಗೆಯ ಬೈಕಿನ ಕುಲ ಕೇಳಿದರು.

ಕೇಳಿದವರು ಹಲ್ಲಿನ ಡಾಕ್ಟರು. ವಾರವೆಲ್ಲ ಜನರ ಬಾಯಿ ನೋಡುವ ಅವರು ಸ್ಪರ್ಧೆಯ ಭಾನುವಾರಗಳಲ್ಲಿ ಕ್ಲಬ್ಬಿನ ಪರವಾಗಿ ಬೈಕುಗಳ ತಪಾಸಣೆ ಮಾಡುತ್ತಾರೆ. ಕ್ಲಿನಿಕ್ಕಿನಿಂದಲೇ ತಂದ ಉದ್ದ ಹಿಡಿಯ ಪುಟ್ಟ ಕನ್ನಡಿಯನ್ನು ಎಂಜಿನ್ನಿನ ಸಂದಿಗೆ ತೂರಿಸಿ, ಟಾರ್ಚ್ ಬಿಟ್ಟು, ಹುಳುಕು ಹುಡುಕುವವರ ಹಾಗೆ ಹುಡುಕಿದರು.

"ಚಾಸಿ ನಂಬರ್ ಎಲ್ಲಮ್ಮ?"

"ಇಲ್ಲ ಸಾರ್. ನಂಬರಿದ್ದ ಕತ್ತಿನ ತುಂಡನ್ನ ಗುಜರಿಯವನು ಕೊಯ್ದು ಹಾಕಿದ್ದ. ಹೊಸ ಕತ್ತು ನಾನೇ ಬೆಸೆದಿದೀನಿ."

"ಮತ್ತೆ ಇದು ಯಾವ ವರ್ಷದ್ದು ಅಂತ ನಮಗೆ ಹೇಗೆ ಗೊತ್ತಾಗ್ಬೇಕು?"

"ಪೈಪ್ ನೋಡಿದ್ರೆ ಗೊತ್ತಾಗುತ್ತಲ್ಲ ಸಾರ್. ಈ ದಪ್ಪದ ಪೈಪು ನಾವು ಹುಟ್ಟೋಕೆ ಮುಂಚೆನೇ ನಿಂತುಹೋಯ್ತು."

"ಪೈಪ್ ಮಾತಾಡಲ್ಲಮ್ಮ. ಕಾಗದ ಮಾತಾಡುತ್ತೆ."

ಸಾಲಿನಲ್ಲಿ ಹಿಂದೆ ನಿಂತಿದ್ದ ಇಬ್ಬರು ನಕ್ಕರು. ನನ್ನ ಮೈ ಉರಿಯಿತು.

ಈ ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಟ್ರಯಲ್ಸ್ ಅಂದರೆ ಬೈಕ್ ಓಟವೆಂದು ಜನ ತಿಳಿಯುತ್ತಾರೆ. ಇದರಲ್ಲಿ ಅವಸರಕ್ಕೆ ಬೆಲೆಯೇ ಇಲ್ಲ. ಬಂಡೆ, ಕೆಸರು, ಹಳ್ಳ ಇರುವ ಕಡೆ ಬಾವುಟ ನೆಟ್ಟು ಒಂದಿಷ್ಟು ದೂರವನ್ನು ಗುರುತು ಮಾಡುತ್ತಾರೆ. ಅದಕ್ಕೆ ಸೆಕ್ಷನ್ ಎನ್ನುತ್ತಾರೆ. ಅಲ್ಲಿ ಕಾಲು ನೆಲಕ್ಕೆ ತಾಗಿಸದೆ ದಾಟಬೇಕು. ಒಂದು ಸಲ ತಾಗಿದರೆ ಒಂದು ತಪ್ಪು, ಎರಡು ಸಲಕ್ಕೆ ಎರಡು, ಆಮೇಲೆ ಎಷ್ಟು ಸಲ ತಾಗಿದರೂ ಮೂರೇ. ನಿಂತರೆ, ಬಿದ್ದರೆ ಐದು. ಕಡಿಮೆ ತಪ್ಪಿದ್ದವರು ಗೆದ್ದಂತೆ. ಸೊನ್ನೆ ಬಂದರೆ 'ಕ್ಲೀನ್' ಎಂದು ಹೆಮ್ಮೆ. ನಮ್ಮದು ಹಳೆಯ ಬೈಕುಗಳ ಕ್ಲಬ್ಬು. ಗೊತ್ತುಮಾಡಿದ ವರ್ಷಕ್ಕಿಂತ ಈಚೆಗೆ ಹುಟ್ಟಿದ ಗಾಡಿಗೆ ಪ್ರವೇಶವಿಲ್ಲ.

ಅಂದರೆ ನೆಲಕ್ಕೆ ಕಾಲು ತಾಗಿಸದವರಿಗೆ ಬಹುಮಾನ ಕೊಡುವ ಆಟ. ಆ ಕಾಲು ತಾಗಿತೋ ಇಲ್ಲವೋ ಎಂದು ನೋಡಿ ಬರೆಯಲು ದಿನವಿಡೀ ಮೊಣಕಾಲುದ್ದ ನೀರಿನಲ್ಲಿ ನಿಲ್ಲುವವರು ನಾವು. ನಮ್ಮನ್ನು ಅಬ್ಸರ್ವರ್ ಎನ್ನುತ್ತಾರೆ. ವರ್ಷಕ್ಕೊಮ್ಮೆ ಸಭೆಯಲ್ಲಿ, ಊಟಕ್ಕೆ ಏಳುವ ಮುಂಚೆ, 'ಸಹಾಯಕರಿಗೂ ವಂದನೆ' ಎಂದೂ ಹೇಳುತ್ತಾರೆ.

ಅತ್ತಿಗೆ ಹಳ್ಳದ ನಾಲ್ಕನೇ ಸೆಕ್ಷನ್ನಿನಲ್ಲಿ ಹನ್ನೊಂದು ವರ್ಷ ನಿಂತವಳು. ಬಸ್ ಡಿಪೋದ ವರ್ಕ್‌ಶಾಪಿನಲ್ಲಿ ವೆಲ್ಡರ್. ನನ್ನ ಅಣ್ಣನ ಹೆಂಡತಿ, ನನಗಿಂತ ಎರಡೇ ವರ್ಷಕ್ಕೆ ದೊಡ್ಡವಳು, ಆದ್ದರಿಂದ ನಮ್ಮಿಬ್ಬರ ನಡುವೆ ಏಕವಚನವೇ. ಹೊಲಿಗೆ ಅಂಗಡಿಯಲ್ಲಿ ಆರು ದಿನ ಸೂಜಿ ಹಿಡಿಯುವ ನನ್ನನ್ನು ಏಳನೇ ದಿನ ಈ ಹಳ್ಳಕ್ಕೆ ಎಳೆದು ತಂದವಳೂ ಅವಳೇ. "ಕಣ್ಣು ಕಾಲಿನ ಮೇಲಿರ್ಲಿ ಕಣೇ, ಮುಖದ ಮೇಲಲ್ಲ. ಮುಖ ನೋಡಿದ್ರೆ ತಪ್ಪು ಬರೆಯೋಕೆ ಕೈ ಬರಲ್ಲ" ಎಂದು ಮೊದಲ ದಿನವೇ ಹೇಳಿಕೊಟ್ಟಿದ್ದಳು.

ಎರಡು ವರ್ಷದ ಹಿಂದಿನ ಸಭೆಯಲ್ಲಿ, ಹತ್ತು ವರ್ಷ ಕೆಲಸ ಮಾಡಿದ ಸಹಾಯಕರೂ ಇನ್ನು ಮುಂದೆ ಸ್ಪರ್ಧಿಸಬಹುದು ಎಂದು ಠರಾವು ಮಾಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಗೇನು, ಎರಡು ಕೈ ಇದ್ದರೆ ಸಾಕು. ಹತ್ತು ವರ್ಷ ಹಳ್ಳದಲ್ಲಿ ನಿಂತವರಲ್ಲಿ ಹಳೆಯ ಬೈಕು ಯಾರ ಹತ್ತಿರ ಇರುತ್ತದೆ ಎಂದು ಒಬ್ಬರೂ ಕೇಳಲಿಲ್ಲ.

ಅತ್ತಿಗೆ ಮಾತ್ರ ಆ ಚಪ್ಪಾಳೆಯನ್ನು ನಂಬಿದಳು. ಒಂದು ಗುಜರಿಯಿಂದ ಚಾಸಿ, ಇನ್ನೊಂದರಿಂದ ಎಂಜಿನ್, ಮೂರನೆಯದರಿಂದ ಮುಂದಿನ ಫೋರ್ಕು. ಹದಿನಾಲ್ಕು ತಿಂಗಳು ಹಿತ್ತಲಿನಲ್ಲಿ ಉಜ್ಜಿದಳು, ಬಾಗಿಸಿದಳು, ಬೆಸೆದಳು. ಅಣ್ಣ ಗೊಣಗುತ್ತಿದ್ದ: "ಮದುವೆಯಾಗಿ ಇಷ್ಟು ವರ್ಷ ಆಯ್ತು, ನನ್ನ ಮುಖವನ್ನ ಇಷ್ಟು ಹೊತ್ತು ನೋಡಿಲ್ಲ ನೀನು." ಅವಳು ತಲೆ ಎತ್ತದೆ, "ನಿಮ್ಮ ಮುಖಕ್ಕೆ ತುಕ್ಕು ಹಿಡಿದಾಗ ಹೇಳಿ, ನೋಡೋಣ" ಎನ್ನುತ್ತಿದ್ದಳು. ಹಾಗೆ ಎದ್ದು ನಿಂತ ಬೈಕಿನ ಮುಂದೆ ಈಗ ಡಾಕ್ಟರು ಕನ್ನಡಿ ಒರೆಸಿಕೊಳ್ಳುತ್ತಿದ್ದರು.

"ಈ ಫುಟ್‌ರೆಸ್ಟ್ ನೋಡು, ಇದೂ ಕೈಯಲ್ಲಿ ಮಾಡಿದ್ದು. ಒರಿಜಿನಲ್ ಹೇಗಿರುತ್ತೆ ಗೊತ್ತಾ? ಬಾ ಇಲ್ಲಿ." ಪಕ್ಕದಲ್ಲಿ ಕ್ಲಬ್ಬಿನ ಅಧ್ಯಕ್ಷರ ಬೈಕು ನಿಂತಿತ್ತು. ಡಾಕ್ಟರು ಅದರ ಮುಂದೆ ಕುಕ್ಕರಗಾಲಲ್ಲಿ ಕೂತು, ಕಾಲಿಡುವ ಜಾಗದ ಕಬ್ಬಿಣದ ಹಲ್ಲುಗಳ ಮೇಲೆ ಬೆರಳಾಡಿಸಿದರು. "ನೋಡು, ಈ ಸಾಲು ನೋಡು. ಈ ಕೆಲಸ ಈಗ ಯಾರಿಗೆ ಬರುತ್ತೆ?"

"ನಂಗೆ ಬರುತ್ತೆ ಸಾರ್," ಎಂದಳು ಅತ್ತಿಗೆ. "ಹೋದ ಚಳಿಗಾಲದಲ್ಲಿ ಅವರದು ಮುರಿದಾಗ ಮಾಡಿಕೊಟ್ಟವಳು ನಾನೇ. ಬಲಗಡೆದರಲ್ಲಿ ಏಳು ಹಲ್ಲು, ಎಡಗಡೆ ಆರೇ. ಅಳತೆ ತಪ್ಪಿತ್ತು. ಎಣಿಸಿ ಬೇಕಾದ್ರೆ."

ಡಾಕ್ಟರು ಎಣಿಸಿದರು. ಹಲ್ಲು ಎಣಿಸುವುದು ಅವರಿಗೆ ಹೊಸದೇನಲ್ಲ. ಏಳು, ಆರು. ಎದ್ದು ಕನ್ನಡಿಯನ್ನು ಜೇಬಿಗಿಳಿಸಿದರು.

ಅಷ್ಟರಲ್ಲಿ ಅಧ್ಯಕ್ಷರೇ ಬಂದರು. ಊರಿನ ದೊಡ್ಡ ಟೈಲ್ಸ್ ಅಂಗಡಿಯ ಮಾಲೀಕರು, ಕೈಯಲ್ಲಿ ಚಹಾದ ಲೋಟ. ವಿಷಯ ಕೇಳಿ ಮೆಲ್ಲಗೆ ನಕ್ಕರು.

"ನೋಡಮ್ಮ, ನನ್ನದಕ್ಕೆ ನೀನು ಮಾಡಿದ್ದು ರಿಪೇರಿ. ಇದು ಹಾಗಲ್ಲ. ರಿಪೇರಿ ಬೇರೆ, ಹುಟ್ಟು ಬೇರೆ. ನನ್ನ ಗಾಡಿಗೆ ಹುಟ್ಟಿದ ಕಾಗದ ಇದೆ, ನಮ್ಮ ತಂದೆ ಕಾಲದ್ದು."

"ನಿಮ್ಮ ಗಾಡಿಯಲ್ಲಿ ಚಕ್ರ ಬದಲಾಗಿದೆ, ಟ್ಯಾಂಕ್ ಬದಲಾಗಿದೆ, ಫುಟ್‌ರೆಸ್ಟ್ ನಾನು ಮಾಡಿದ್ದು, ಎಂಜಿನ್ನೂ ಒಂದು ಸಲ ಬದಲಾಗಿದೆ. ಹುಟ್ಟಿದ್ದು ಯಾವುದು ಉಳಿದಿದೆ ಸಾರ್?"

"ಕಾಗದ," ಎಂದರು ಅಧ್ಯಕ್ಷರು.

ತಮಾಷೆಗೆ ಹೇಳಿದ್ದಲ್ಲ. ಅವರು ಅದನ್ನು ನಂಬಿದ್ದರು. ನನಗೆ ತಡೆಯಲಾಗದಷ್ಟು ಸಿಟ್ಟು ಬಂದದ್ದು ಅದಕ್ಕೇ. ಮೋಸಗಾರನಾದರೆ ಮುಖ ಮರೆಸಿಕೊಳ್ಳುತ್ತಾನೆ. ಈ ಮನುಷ್ಯ ಚಹಾ ಕುಡಿಯುತ್ತಾ, ಕನಿಕರದಿಂದ, ಕಬ್ಬಿಣಕ್ಕೂ ಮನೆತನ ಬೇಕು ಎನ್ನುತ್ತಿದ್ದಾರೆ. ಆಮೇಲೆ ಅವರು ಇನ್ನೂ ಒಂದು ಮಾತು ಸೇರಿಸಿದರು: "ಬೇಜಾರು ಮಾಡ್ಕೋಬೇಡ. ಇವತ್ತೂ ನಾಲ್ಕನೇ ಸೆಕ್ಷನ್ ನೀನೇ ನೋಡ್ಕೊ. ಜನ ಕಮ್ಮಿ ಇದಾರೆ."

"ಆಗಲ್ಲ ಸಾರ್," ಎಂದು ಅತ್ತಿಗೆ ಬೈಕನ್ನು ತಳ್ಳಿಕೊಂಡು ಪಕ್ಕಕ್ಕೆ ಹೋದಳು.

ನಾನು ಬೆನ್ನು ಹತ್ತಿದೆ. "ಈ ಬರೆಯೋ ಹಲಗೆ, ಪೆನ್ನು ಎಲ್ಲಾ ಅವರ ಮುಖಕ್ಕೆ ಎಸೆದು ಮನೆಗೆ ಹೋಗೋಣ. ನಾವಿಬ್ರೂ ಇಲ್ಲದೆ ಹಳ್ಳದಲ್ಲಿ ಅದು ಹೇಗೆ ಆಡ್ತಾರೋ ನೋಡ್ತೀನಿ."

"ನಾಲ್ಕನೇದಕ್ಕೆ ನೀನು ಹೋಗಿ ನಿಂತ್ಕೊ," ಎಂದಳು.

"ತಲೆ ಕೆಟ್ಟಿದೆಯಾ ನಿಂಗೆ?"

"ನಿನ್ನೆ ಆ ಕಲ್ಲುಗಳನ್ನ ಹೊತ್ತು ಜೋಡಿಸಿದವಳು ನಾನು. ಬಾವುಟ ನೆಟ್ಟವಳು ನಾನು. ಆ ಸೆಕ್ಷನ್ ದಾಟಬೇಕು ಅಂತ ಬಂದಿದೀನಿ, ದಾಟೇ ಹೋಗೋದು. ದಾಟುವಾಗ ನೋಡೋಕೆ ಅಲ್ಲೊಬ್ಬ ಅಬ್ಸರ್ವರ್ ಇರ್ಬೇಕು. ಹೋಗು."

ಹೋದೆ. ರಬ್ಬರ್ ಬೂಟು ಹಾಕಿಕೊಂಡು ನೀರಿಗಿಳಿದೆ. ಅದು ಕಷ್ಟದ ಸೆಕ್ಷನ್: ಮೊದಲು ಹಳ್ಳದ ಗುಂಡುಕಲ್ಲುಗಳು, ಆಮೇಲೆ ಸೊಂಟದೆತ್ತರದ ಓರೆ ಬಂಡೆ, ಬಂಡೆಯ ನೆತ್ತಿಯಲ್ಲೇ ಎರಡು ಬಾವುಟಗಳ ನಡುವೆ ಎಡಕ್ಕೆ ಕಡಿದಾದ ತಿರುವು. ಒಬ್ಬೊಬ್ಬರಾಗಿ ಬಂದರು. ಕಂಟ್ರಾಕ್ಟರು ಗುಂಡುಕಲ್ಲಲ್ಲೇ ಕೂತುಬಿಟ್ಟರು, ಐದು. ಬ್ಯಾಂಕಿನವರು ಪೆಡಲ್ ತುಳಿಯುವ ಹಾಗೆ ಎರಡೂ ಕಾಲಲ್ಲಿ ತುಳಿದುಕೊಂಡು ಬಂದರು, ಮೂರು. "ಒಂದು ಕಡಿಮೆ ಮಾಡಮ್ಮ" ಎಂದು ಚೌಕಾಸಿಗಿಳಿದರು. "ತರಕಾರಿ ಅಂಗಡಿ ಅಲ್ಲ ಸಾರ್, ಮುಂದೆ ಹೋಗಿ" ಎಂದೆ.

ಅಧ್ಯಕ್ಷರು ಬಂದಾಗ, ದೇವರಾಣೆ, ಅವರು ಬೀಳಲಿ ಎಂದು ಕಾದೆ. ಬೀಳಲಿಲ್ಲ. ನೋಡುವಂತೆ ಓಡಿಸಿದರು. ಬಂಡೆಯ ಮೇಲೆ ಅವರ ಮೈಭಾರವೆಲ್ಲ ಆ ಎರಡು ಫುಟ್‌ರೆಸ್ಟುಗಳ ಮೇಲೆ ನಿಂತಿತು, ಏಳು ಹಲ್ಲಿನದರ ಮೇಲೊಮ್ಮೆ, ಆರು ಹಲ್ಲಿನದರ ಮೇಲೊಮ್ಮೆ. ಬೂಟು ಒಂದು ಕೂದಲಷ್ಟೂ ಜಾರಲಿಲ್ಲ. ಕ್ಲೀನ್. ಹಲ್ಲು ಕಚ್ಚಿಕೊಂಡು ಸೊನ್ನೆ ಬರೆದೆ. ಕಾಲು ತಾಗದವರಿಗೆ ತಪ್ಪು ಬರೆಯುವುದು ನನಗೆ ಕಲಿಸಿದ ಕೆಲಸವಲ್ಲ.

ಕೊನೆಯವರಾದ ಮೂವತ್ತೆಂಟನೆಯವರು ದಾಟಿದ ಮೇಲೆ ಅತ್ತಿಗೆ ಬೈಕನ್ನು ತಳ್ಳಿಕೊಂಡು ಹಳ್ಳಕ್ಕೆ ಇಳಿದಳು. ಬೈಕಿನ ಮುಂದೆ ನಂಬರ್ ಹಲಗೆ ಇರಲಿಲ್ಲ. ಅಧ್ಯಕ್ಷರು ದಡದ ಮೇಲೆ ಓಡಿಬಂದರು, ಹಿಂದೆ ಡಾಕ್ಟರು, ಅವರ ಹಿಂದೆ ಇನ್ನೊಂದಷ್ಟು ಜನ.

"ಏನಮ್ಮ ಇದು? ಹೇಳಿದ್ದು ಅರ್ಥ ಆಗ್ಲಿಲ್ವಾ?"

"ನಿಮ್ಮ ಕಾಗದದವರೆಲ್ಲ ದಾಟಿ ಆಯ್ತಲ್ಲ ಸಾರ್. ಈಗ ಕಲ್ಲು ಹೊತ್ತವಳು ದಾಟ್ತಾಳೆ."

ಕಿಕ್ ಹೊಡೆದಳು. ಮೊದಲನೆಯದಕ್ಕೆ ಕೆಮ್ಮಿತು, ಎರಡನೆಯದಕ್ಕೆ ಹತ್ತಿಕೊಂಡಿತು. ಎದ್ದು ನಿಂತು, ನಡೆಯುವವರಿಗಿಂತ ನಿಧಾನವಾಗಿ, ಗುಂಡುಕಲ್ಲುಗಳ ಮೇಲೆ ಬಂದಳು. ನಾನು ಮುಖ ನೋಡಲಿಲ್ಲ. ಕಾಲುಗಳನ್ನೇ ನೋಡಿದೆ. ಬಂಡೆಯ ಬುಡದಲ್ಲಿ ಮುಂದಿನ ಚಕ್ರ ಹಗುರವಾಗಿ ಮೇಲೆದ್ದಿತು, ಹಿಂದಿನದು ಬಂಡೆಯನ್ನು ಕಚ್ಚಿ ಹಿಡಿಯಿತು, ಮೂರು ಗುಜರಿಗಳ ಆ ಗಾಡಿ ಒಂದೇ ಪ್ರಾಣಿಯ ಹಾಗೆ ನೆತ್ತಿಗೇರಿತು. ತಿರುವಿನಲ್ಲಿ ಹಿಂದಿನ ಚಕ್ರ ಒಂದಿಷ್ಟು ಜಾರಿತು. ಅವಳ ಎಡಗಾಲಿನ ತುದಿ, ಬಿಸಿ ಕಾವಲಿ ಮುಟ್ಟಿದ ಹಾಗೆ, ಕಲ್ಲಿಗೆ ತಾಗಿ ಹಿಂದಕ್ಕೆ ಬಂತು. ಬಾವುಟ ದಾಟಿದಳು.

ದಡದವರಿಗೆ ಆ ಕಾಲು ಕಾಣುವಂತಿರಲಿಲ್ಲ. ಅದು ನನ್ನ ಕಡೆಗಿತ್ತು. ಡಾಕ್ಟರು ಚಪ್ಪಾಳೆ ಹೊಡೆದರು. ಅಧ್ಯಕ್ಷರಿಗೂ ಉದಾರತನ ಉಕ್ಕಿತು.

"ಭಲೆ! ಕ್ಲೀನ್ ಅಂತಲೇ ಬರ್ಕೊಳಮ್ಮ. ಹೇಗೂ ಆಟಕ್ಕುಂಟು, ಲೆಕ್ಕಕ್ಕಿಲ್ಲ."

ಎಲ್ಲರೂ ನಕ್ಕರು. ರಚ್ಚೆ ಹಿಡಿದ ಪುಟ್ಟ ಮಕ್ಕಳನ್ನು ಆಟಕ್ಕೆ ಸೇರಿಸಿಕೊಳ್ಳುವಾಗ ಹೇಳುವ ಮಾತು ಅದು. ನಲವತ್ತಮೂರು ವರ್ಷದ ವೆಲ್ಡರಿಗೆ ಹೇಳಿದರು.

ಅತ್ತಿಗೆ ಎಂಜಿನ್ ಆರಿಸಿ ಹೆಲ್ಮೆಟ್ ತೆಗೆದಳು. "ಕಾಲು ತಾಗಿತು."

"ಯಾರೂ ನೋಡಿಲ್ಲ ಬಿಡಮ್ಮ."

"ಇವಳು ನೋಡಿದಾಳೆ. ಏನೇ, ನೋಡಿದ್ಯೋ ಇಲ್ವೋ?"

ಸುಳ್ಳು ನನ್ನ ನಾಲಿಗೆಯ ತುದಿಯಲ್ಲೇ ಇತ್ತು. ಅವಳಿಗೆ ಒಂದು ಸೊನ್ನೆ ಸಿಗಲಿ, ಒಂದೇ ಒಂದು ಸಲ ಇವರ ಸಮಕ್ಕೆ ನಿಲ್ಲಲಿ ಎಂದು ಜೀವ ಬಡಿದುಕೊಳ್ಳುತ್ತಿತ್ತು.

"ನೋಡಿದೆ," ಎಂದೆ.

"ಮತ್ತೇನು ಪೆನ್ನು ಹಿಡ್ಕೊಂಡು ನಿಂತಿದೀಯ? ಒಂದು ಅಂತ ಬರಿ." ಆಮೇಲೆ ದಡದ ಕಡೆ ತಿರುಗಿದಳು. "ನಿಮಗೆ ಬಂದ ಸೊನ್ನೆ ಕ್ಲೀನ್ ಸಾರ್. ನನಗೆ ನೀವು ಕೊಡೋ ಸೊನ್ನೆ ಬರೀ ಸೊನ್ನೆ. ಅದು ಬೇಡ. ನನ್ನ ತಪ್ಪು ನನಗೆ ಬೇಕು."

ಮೂವತ್ತೆಂಟನೆಯ ಗೆರೆಯ ಕೆಳಗೆ ಬರೆದೆ. ನಂಬರಿನ ಮನೆ ಖಾಲಿ. ಹೆಸರಿನ ಮನೆಯಲ್ಲಿ ಅವಳ ಪೂರ್ತಿ ಹೆಸರು. ತಪ್ಪಿನ ಮನೆಯಲ್ಲಿ ಒಂದು. ಅದರ ಕೆಳಗೆ, ಕೂದಲು ತೂರುವಷ್ಟೂ ಜಾಗ ಬಿಡದೆ, ನನ್ನ ಸಹಿ. ಸಹಿ ಇಲ್ಲದ ಹಾಳೆಯನ್ನು ಕ್ಲಬ್ಬು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಧ್ಯಕ್ಷರು ದಡದಿಂದಲೇ ಬಗ್ಗಿ ಹಾಳೆ ತೆಗೆದುಕೊಂಡರು. ನಗು ನಿಂತಿತು. "ಕೊನೇದನ್ನ ಹೊಡೆದು ಹಾಕು."

"ಹೊಡೆದು ಹಾಕಿದ್ರೆ ಪಕ್ಕದಲ್ಲಿ ಅಬ್ಸರ್ವರ್ ಸಹಿ ಬೇಕು ಸಾರ್. ನಾನು ಹಾಕಲ್ಲ."

"ಹಾಗಾದ್ರೆ ಈ ಹಾಳೆನೇ ಬೇಡ ನಮಗೆ."

"ಬೇಡ ಅಂದ್ರೆ ಬಿಡಿ. ಅದ್ರಲ್ಲಿ ನಿಮ್ಮ ಕ್ಲೀನೂ ಇದೆ."

ಅವರು ಹಾಳೆಯನ್ನೂ ನನ್ನನ್ನೂ ನೋಡಿದರು. ನಾನು ಈ ಹಳ್ಳಕ್ಕೆ ಬರತೊಡಗಿದ ಆರು ವರ್ಷದಲ್ಲಿ ಅವರು ನನ್ನ ಮುಖ ನೋಡಿದ್ದು ಅದೇ ಮೊದಲು ಎಂದು ಕಾಣುತ್ತದೆ. ಹಿಂದೆ ನಿಂತಿದ್ದ ಕಂಟ್ರಾಕ್ಟರು, "ನನ್ನ ಐದೂ ಹೋಗುತ್ತಾ ಹಂಗಾದ್ರೆ?" ಎಂದು ಆಸೆಯಿಂದ ಕೇಳಿದರು. ಅಧ್ಯಕ್ಷರು ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು ಹೊರಟರು. ಹರಿದು ಹಾಕಲಿಲ್ಲ. ಹಾಕುವ ಹಾಗಿರಲಿಲ್ಲ.

ಅತ್ತಿಗೆಗೆ ಇದ್ಯಾವುದೂ ಬೇಕಿರಲಿಲ್ಲ. ಬೈಕನ್ನು ಸ್ಟ್ಯಾಂಡಿಗೆ ಹಾಕಿ ಬಂಡೆಯ ಮೇಲೆ ಕೂತು, ಚಕ್ರ ಜಾರಿದ ಜಾಗದ ಒದ್ದೆ ಗುರುತನ್ನು ಗೇಣು ಹಾಕಿ ಅಳೆಯುತ್ತಿದ್ದಳು.

"ಮೂರು ಬೆರಳು ಬಲಕ್ಕೆ ಬಂದುಬಿಟ್ಟಿದ್ದೆ ಕಣೇ," ಎಂದಳು. "ಅಷ್ಟೇ."