ಅಮ್ಮನ ಕೋಣೆಯಲ್ಲಿ ನಿಲ್ಲುವ ಕುರ್ಚಿ

"ತಳ್ಳಬೇಡಿ, ದಯವಿಟ್ಟು ತಳ್ಳಬೇಡಿ!" ಎಂದು ಕುರ್ಚಿಯಲ್ಲಿ ಕೂತಿದ್ದ ಸಂಗೀತದ ಟೀಚರ್ ಕೂಗುವಷ್ಟರಲ್ಲಿ ದೊಡ್ಡಪ್ಪ ತಳ್ಳಿದ್ದೂ ಆಗಿತ್ತು, ಸೋತದ್ದೂ ಆಗಿತ್ತು. ಕುರ್ಚಿ ಕೂದಲೆಳೆಯಷ್ಟೂ ಅಲುಗಲಿಲ್ಲ. ಬ್ಯಾಟರಿ ಕುರ್ಚಿಯ ಜಾಯಮಾನವೇ ಹಾಗೆ. ಕರೆಂಟು ನಿಂತರೆ ಬ್ರೇಕು ತಾನಾಗಿಯೇ ಹಿಡಿದುಕೊಳ್ಳುತ್ತದೆ, ಆಮೇಲೆ ಅದು ಕುರ್ಚಿಯಲ್ಲ, ಬಂಡೆ.

ನಡುಮನೆಯ ಮಂಚದ ಮೇಲೆ ಕುರ್ಚಿ ಮೇಸ್ತ್ರಿಯನ್ನು ಮಲಗಿಸಿದ್ದರು. ನಡೆಯಲಾಗದವರ ಬ್ಯಾಟರಿ ಕುರ್ಚಿ, ಸ್ಕೂಟರುಗಳನ್ನು ಮೂವತ್ತು ವರ್ಷ ರಿಪೇರಿ ಮಾಡಿದ ಮನುಷ್ಯ. ನಿನ್ನೆ ರಾತ್ರಿ ಊಟ ಮಾಡಿ ಕೈತೊಳೆದವರು ಹಾಗೆಯೇ ಒರಗಿದ್ದರು, ಮತ್ತೆ ಏಳಲಿಲ್ಲ. ಈಗ ಮಂಚಕ್ಕೂ ಬಾಗಿಲಿಗೂ ನಡುವೆ ಟೀಚರ ಕುರ್ಚಿ ಅಡ್ಡವಾಗಿ ಕಚ್ಚಿಕೊಂಡು ನಿಂತಿತ್ತು. ಹೊರಗೆ ಗಾಡಿ ಬಂದು ಅರ್ಧ ಗಂಟೆಯಾಗಿತ್ತು.

"ಐದಕ್ಕೆ ಸ್ಮಶಾನದ ಗೇಟ್ ಹಾಕ್ತಾರೆ," ಎಂದರು ದೊಡ್ಡಪ್ಪ. ಅವರು ಮೇಸ್ತ್ರಿಯ ಅಣ್ಣ, ಜೀವನವಿಡೀ ಬಸ್ ಡಿಪೋದಲ್ಲಿ ವೇಳಾಪಟ್ಟಿ ನೋಡಿಕೊಂಡವರು. "ಏನಾದ್ರೂ ಮಾಡೇ ಪುಟ್ಟೀ."

ಪುಟ್ಟಿ ಎಂದರೆ ಮೇಸ್ತ್ರಿಯ ಮಗಳು. ವಯಸ್ಸು ಮೂವತ್ತೊಂದು. ಅಂಗಡಿಯಲ್ಲಿ ಅಪ್ಪ ದೋಷ ಹುಡುಕುತ್ತಿದ್ದರು, ಇವಳು ಬೆಸೆಯುತ್ತಿದ್ದಳು. ಬೆಸೆಯುವುದರಲ್ಲಿ ಅವಳದು ಎತ್ತಿದ ಕೈ. ಹುಡುಕುವುದೆಂದರೆ ಮಾತ್ರ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು. ಬೆಳಗಿನಿಂದ ಬಂದ ಗಿರಾಕಿಗಳೆಲ್ಲ ಅವಳ ಕೈ ಹಿಡಿದು, "ಅಂಗಡಿ ಇನ್ನು…" ಎಂದು ಅಲ್ಲಿಗೇ ನಿಲ್ಲಿಸುತ್ತಿದ್ದರು. ಅವಳು ತಲೆ ತಗ್ಗಿಸುತ್ತಿದ್ದಳು.

ಮೋಟಾರಿನ ಪಕ್ಕದ ಸಣ್ಣ ಹಿಡಿಯನ್ನು ತಿರುಗಿಸಿದರೆ ಬ್ರೇಕು ಬಿಡುತ್ತದೆ, ಯಾರು ಬೇಕಾದರೂ ತಳ್ಳಿಕೊಂಡು ಹೋಗಬಹುದು. ಅವಳು ಅದಕ್ಕೆ ಕೈ ಹಾಕಿದಳು.

"ಅದೇ ಕಣಮ್ಮ," ಎಂದರು ಟೀಚರ್. ಅವರ ಮುಖ ಬಿಳಿಚಿತ್ತು. "ನಮ್ಮಮ್ಮನ ಕೋಣೇಲಿ ಆಗ್ತಿತ್ತಲ್ಲ, ಅದೇ."

ಮಗಳು ಕೈಯನ್ನು ಹಿಂದಕ್ಕೆ ತೆಗೆದಳು.

*

ಪೂರ್ತಿ ಕೆಟ್ಟ ಕುರ್ಚಿಯನ್ನು ಯಾರು ಬೇಕಾದರೂ ರಿಪೇರಿ ಮಾಡುತ್ತಾರೆ. ಒಮ್ಮೆ ಓಡಿ ಒಮ್ಮೆ ನಿಲ್ಲುವ ಕುರ್ಚಿಯೇ ಮನುಷ್ಯನ ಹೆಣ ಬೀಳಿಸುವುದು. ಮನೆಯಲ್ಲಿ ಹತ್ತು ಸಲ ನಿಂತದ್ದು ಅಂಗಡಿಗೆ ಬಂದರೆ ಜಿಂಕೆಯ ಹಾಗೆ ಓಡುತ್ತದೆ. ಟೀಚರ್ ಮೊದಲು ಹೋದ ಎರಡು ಅಂಗಡಿಯವರು, "ಕುರ್ಚಿ ಸರಿಯಾಗಿದೆ, ನೀವೇ ಏನೋ ತಪ್ಪು ಒತ್ತಿರ್ತೀರಿ," ಎಂದು ಕಳುಹಿಸಿದ್ದರು. ಮೇಸ್ತ್ರಿ ಹಾಗೆನ್ನಲಿಲ್ಲ.

"ನಿಲ್ಲುತ್ತೆ ಅಂದ್ರೆ ನಿಲ್ಲುತ್ತೆ ಟೀಚರ್. ಅದನ್ನ ನೋಡೋ ಪುಣ್ಯ ನನಗಿನ್ನೂ ಬಂದಿಲ್ಲ, ಅಷ್ಟೆ. ನಿಂತಾಗ ಏನ್ ಮಾಡ್ತಿದ್ರಿ?"

"ಏನಿಲ್ಲ. ಅಮ್ಮನ ಕೋಣೇಲಿ, ಅಮ್ಮನ ಹತ್ರ ಮಾತಾಡ್ತಿದ್ದೆ."

ಮೇಸ್ತ್ರಿ ನಂಬಿದರು. ಗಿರಾಕಿ ಹೇಳಿದ್ದನ್ನು ನಂಬುವುದೇ ಅವರ ಕಸುಬು. ಆ ಕೋಣೆಗೆ ಒಂಬತ್ತು ಸಲ ಹೋದರು. ನೆಲದ ಏರುತಗ್ಗು ನೋಡಿದರು, ಫ್ಯಾನು ನಿಲ್ಲಿಸಿ ನೋಡಿದರು, ರೇಡಿಯೋ ಹೊರಗಿಟ್ಟು ನೋಡಿದರು. ತಾವು ಹಂಚಿಕಡ್ಡಿಯಂಥವರು, ಭಾರ ಸಾಲದೆಂದು ತೊಡೆಯ ಮೇಲೆ ಎರಡು ಮರಳಿನ ಚೀಲ ಇಟ್ಟುಕೊಂಡು ಕೋಣೆಯ ತುಂಬ ಸುತ್ತಿದರು. ಟೀಚರನ್ನು ಕೂರಿಸಿಯೂ ನೋಡಿದರು. ಅವರು ಪಾಠ ಹೇಳುವಾಗಿನ ಹಾಗೆ ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತಿದ್ದರು. ಕುರ್ಚಿಯೂ ಅಷ್ಟೇ ನೆಟ್ಟಗೆ ನಡೆಯುತ್ತಿತ್ತು.

ಹಾಸಿಗೆ ಹಿಡಿದಿದ್ದ ಮುದುಕಿ ಮಲಗಿದಲ್ಲಿಂದಲೇ ನಕ್ಕಿದ್ದರು. "ನಿನ್ ಕುರ್ಚಿಗೆ ನಾಚಿಕೆ ಕಣೇ. ಪರರ ಮುಂದೆ ಬಾಯೇ ಬಿಡಲ್ಲ."

ಕಳೆದ ವರ್ಷ ಆ ಮುದುಕಿ ತೀರಿಕೊಂಡರು. ಅಂದಿನಿಂದ ಕುರ್ಚಿ ಒಮ್ಮೆಯೂ ನಿಲ್ಲಲಿಲ್ಲ. "ಸರಿಹೋಯ್ತಲ್ಲಪ್ಪಾ, ಬಿಟ್ಹಾಕು," ಎಂದಿದ್ದಳು ಮಗಳು.

"ಬಿಟ್ಟಿರೋ ಜ್ವರ ಬೇರೆ, ವಾಸಿಯಾದ ಜ್ವರ ಬೇರೆ," ಎಂದಿದ್ದರು ಅಪ್ಪ. ಊಟಕ್ಕೆ ಕೂತಾಗಲೂ ಅದೇ ಧ್ಯಾನ. "ಜನ ಕುರ್ಚಿಗೋಸ್ಕರ ಹೊಡೆದಾಡಿ ಸಾಯ್ತಾರೆ, ನನ್ನ ಗಂಡ ಕುರ್ಚಿ ಕೆಳಗೆ ಮಲಗೇ ಆಯುಷ್ಯ ಕಳೀತಿದಾರೆ," ಎಂದು ಹೆಂಡತಿ ರೇಗಿಸುತ್ತಿದ್ದಳು. ಅವರು ಅನ್ನ ಕಲಸುತ್ತ, "ಆ ಕೋಣೇಲಿ ನಾನು ನೋಡದೇ ಇರೋದು ಏನೋ ಒಂದಿದೆ ಕಣೇ," ಎನ್ನುತ್ತಿದ್ದರು.

*

"ಈಗ ನಿಲ್ಲೋ ಮುಂಚೆ ಏನ್ ಮಾಡಿದ್ರಿ ಟೀಚರ್?" ಎಂದು ಕೇಳಿದಳು ಮಗಳು.

"ಏನಿಲ್ಲ. ಅವರ ಹಣೆ ಮುಟ್ಟಿದೆ."

"ಹೇಗೆ?"

"ಹೇಗೆ ಅಂದ್ರೆ? ಹೀಗೆ, ಬಗ್ಗಿ." ಎಡಕ್ಕೆ ಮುಂದಾಗಿ ಬಾಗಿದವರು ಅಷ್ಟಕ್ಕೇ ತಡೆದುಕೊಂಡರು. ಮಗಳು ಅವರನ್ನೇ ನೋಡುತ್ತಿದ್ದಳು.

"ಅಮ್ಮನ ಕೋಣೇಲೂ ಬಗ್ತಿದ್ರಾ?"

ಟೀಚರ್ ಸೆರಗಿನಿಂದ ಮೂಗೊರೆಸಿಕೊಂಡು ಮೆಲ್ಲಗೆ ಹೇಳಿದರು: "ದಿನಾ ಪಾಠಕ್ಕೆ ಕೂರೋ ಮುಂಚೆ ಅಮ್ಮಂಗೊಂದು ಮುತ್ತು ಕೊಡ್ತಿದ್ದೆ. ಐವತ್ತೆಂಟು ವರ್ಷದ ಹೆಂಗಸು. ನಿಮ್ಮಪ್ಪನ ಮುಂದೆ ಹೇಗಮ್ಮಾ ಕೊಡ್ಲಿ? ಹೇಗೆ ಹೇಳ್ಲಿ?"

ಯಾರೂ ನಗಲಿಲ್ಲ. ಮಗಳು ಸೆರಗು ಸೊಂಟಕ್ಕೆ ಸಿಕ್ಕಿಸಿ ನೆಲದ ಮೇಲೆ ಅಂಗಾತ ಮಲಗಿ ಕುರ್ಚಿಯ ಕೆಳಗೆ ತಲೆ ತೂರಿಸಿದಳು.

"ಇದೇನೇ ಇದು?" ದೊಡ್ಡಪ್ಪನ ದನಿ ಏರಿತು. "ಹೆಣ ಮುಂದಿಟ್ಕೊಂಡು ರಿಪೇರಿನಾ? ಬ್ರೇಕ್ ಬಿಡ್ಸು, ಪಕ್ಕಕ್ಕೆ ಸರಿಸೋಣ. ನಾಳೆ ನೋಡ್ಕೋ."

"ನಾಳೆ ಇದು ಸಿಗಲ್ಲ ದೊಡ್ಡಪ್ಪಾ," ಎಂದಿತು ಕುರ್ಚಿಯ ಕೆಳಗಿನ ದನಿ.

ಬೆಳಗಿನಿಂದ ಗೋಡೆಗೊರಗಿ ಮಾತಿಲ್ಲದೆ ಕೂತಿದ್ದ ಮೇಸ್ತ್ರಿಯ ಹೆಂಡತಿ ಆಗ ಬಾಯಿ ಬಿಟ್ಟಳು. "ಇರ್ಲಿ ಬಿಡಿ ಭಾವ. ಇದಕ್ಕೋಸ್ಕರ ಎಷ್ಟು ನಿದ್ದೆ ಕೆಟ್ರೋ ಅವರು. ಮನೆ ಬಿಟ್ಟು ಹೋಗೋ ಮುಂಚೆ ಇದೊಂದು ಗೊತ್ತಾಗ್ಲಿ."

ದೊಡ್ಡಪ್ಪ ಗಡಿಯಾರ ನೋಡಿದರು, ತಮ್ಮನ ಮುಖ ನೋಡಿದರು, ಒಂದು ಹೆಜ್ಜೆ ಹಿಂದೆ ಸರಿದರು.

ಟೀಚರ್ ನೆಟ್ಟಗೆ ಕೂತರೆ ಕೈಹಿಡಿಯ ಹಸಿರು ದೀಪ ಹೊತ್ತುತ್ತಿತ್ತು. ಆದರೆ ದೀಪಕ್ಕೆ ಸಾಕಾಗುವ ಕರೆಂಟು ಚಕ್ರಕ್ಕೆ ಸಾಲುತ್ತಿರಲಿಲ್ಲ. ಕುರ್ಚಿ ಒಂದು ಗೇಣು ಸರಿದು ಮತ್ತೆ ಸೆಟೆದು ನಿಲ್ಲುತ್ತಿತ್ತು. ಮಗಳು ಬ್ಯಾಟರಿಯ ತುದಿ ಹಿಡಿದು ಅಲುಗಿಸಿದಳು, ದೀಪಕ್ಕೆ ಏನೂ ಆಗಲಿಲ್ಲ. ಪ್ಲಗ್ಗನ್ನು ತಿರುಚಿದಳು, ಆಗಲೂ ಏನೂ ಆಗಲಿಲ್ಲ. ಅಪ್ಪನಾಗಿದ್ದರೆ ಏನು ಮಾಡುತ್ತಿದ್ದರೆಂದು ಕೇಳಲು ಅಪ್ಪ ಎರಡು ಮೊಳ ದೂರದಲ್ಲೇ ಇದ್ದರು, ಉತ್ತರ ಹೇಳುವ ಹಾಗಿರಲಿಲ್ಲ. ಅವಳು ಸೀಟಿನಡಿಯ ದಪ್ಪ ಕೆಂಪು ವೈರಿನ ಮೇಲೆ ಬೆರಳಿಟ್ಟಳು.

"ಬಗ್ಗಿ ಟೀಚರ್."

ಟೀಚರ್ ಬಗ್ಗಿ ಮೇಸ್ತ್ರಿಯ ಹಣೆ ಮುಟ್ಟಿದರು.

"ಹೋಯ್ತು," ಎಂದರು ಬಾಗಿಲಲ್ಲಿ ಸ್ಕೂಟರ್ ಮೇಲೆ ಕೂತಿದ್ದ ಪೇಪರ್ ತಾತ. ಮನೆಮನೆಗೆ ಪೇಪರ್ ಹಾಕುವ ಅವರ ಸ್ಕೂಟರೂ ಮೇಸ್ತ್ರಿಯ ಕೈಯಲ್ಲೇ ಬದುಕಿದ್ದು. ದೀಪ ಕಾಯುವ ಕೆಲಸವನ್ನು ಯಾರೂ ಹೇಳದೆಯೇ ವಹಿಸಿಕೊಂಡಿದ್ದರು.

"ಏಳಿ. ಇನ್ನೊಂದ್ಸಲ ಬಗ್ಗಿ."

"ಹೋಯ್ತು."

ಬೆರಳು ವೈರಿನುದ್ದಕ್ಕೂ ಒಂದೊಂದೇ ಅಂಗುಲ ಮುಂದಕ್ಕೆ ಸರಿಯಿತು. ಪ್ರತಿ ಅಂಗುಲಕ್ಕೂ ಟೀಚರ್ ಒಮ್ಮೆ ಬಗ್ಗಿದರು, ಒಮ್ಮೆ ತಣ್ಣಗಿನ ಆ ಹಣೆಯ ಮೇಲೆ ಕೈಯಿಟ್ಟರು. ನಾಲ್ಕನೆಯ ಸಲಕ್ಕೆ ಅವರಿಗೆ ಅಳು ತಡೆಯಲಾಗಲಿಲ್ಲ. "ತಪ್ಪಾಯ್ತು ಮೇಸ್ತ್ರಿ," ಎಂದರು. "ಆವತ್ತೇ ಹೇಳ್ಬೇಕಿತ್ತು." ಆರನೆಯ ಸಲ ಬಗ್ಗಿದಾಗ ಸೀಟಿನ ಕೀಲು ಕೆಳಗಿಳಿದು ಮಗಳ ಬೆರಳನ್ನು ಕಚ್ಚಿತು.

"ಆಯ್!"

"ಹೋಯ್ತು," ಎಂದರು ತಾತ.

"ಹೋಗ್ಲಿ ಬಿಡಿ ತಾತಾ. ಸಿಕ್ತು!" ಎಂದು ಮಗಳು ಅಳುತ್ತ ನಕ್ಕಳು. "ಅಪ್ಪಾ, ಸಿಕ್ತು ಕಣಪ್ಪಾ. ಕೀಲಿನ ಸಂದೀಲಿ ವೈರ್ ಸಿಕ್ಕಿ ಜಜ್ಜಿಹೋಗಿದೆ."

ತಾತ ತಮ್ಮ ಸೀಟಿನಡಿಯಿಂದ ಪುಟ್ಟ ಚೀಲವೊಂದನ್ನು ಬಿಚ್ಚಿಕೊಟ್ಟರು. ಕಟ್ಟಿಂಗ್ ಪ್ಲೇಯರು, ಟೇಪು, ಒಂದು ಫ್ಯೂಸು. ಎಲ್ಲ ಗಿರಾಕಿಗಳ ಗಾಡಿಗೂ ಮೇಸ್ತ್ರಿ ಅಂಥದೊಂದು ಕಟ್ಟುತ್ತಿದ್ದರು. ಮಗಳು ಬ್ಯಾಟರಿಯ ಪ್ಲಗ್ ಕಿತ್ತಳು, ಜಜ್ಜಿದ ಭಾಗ ಕತ್ತರಿಸಿದಳು, ತುದಿಗಳನ್ನು ಹೆಣೆದು ಟೇಪು ಸುತ್ತಿ ಕೀಲಿನಿಂದ ದೂರಕ್ಕೆ ಕಟ್ಟಿದಳು.

"ಇದು ಇವತ್ತಿನ ಮಟ್ಟಿಗೆ ಟೀಚರ್. ಬರೋ ವಾರ ಅಂಗಡಿಗೆ ಬನ್ನಿ, ಸರಿಯಾಗಿ ಬೆಸೆದುಕೊಡ್ತೀನಿ. ಎಲ್ಲಿ, ಬಗ್ಗಿ ನೋಡೋಣ."

ಟೀಚರ್ ಬಗ್ಗಿದರು. ಎಲ್ಲರೂ ತಾತನ ಕಡೆ ನೋಡಿದರು.

"ಇದೆ," ಎಂದರು ತಾತ. "ಉರೀತಿದೆ."

"ಸಾಕು ಟೀಚರ್. ಆಯ್ತು."

ನಾಲ್ಕು ಜನ ಮಂಚದ ಕಡೆ ಬಂದರು. ಟೀಚರ್ ಕುರ್ಚಿಯನ್ನು ಹಿಂದಕ್ಕೆ ತಿರುಗಿಸಲಿಲ್ಲ. ಯಾರೂ ಹೇಳದಿದ್ದರೂ ಇನ್ನೊಮ್ಮೆ ಬಗ್ಗಿದರು, ಈ ಸಲ ಇನ್ನೂ ಕೆಳಕ್ಕೆ. ಅರ್ಧದಲ್ಲೇ ತಡೆದುಕೊಂಡು ಸುತ್ತ ನೆರೆದವರನ್ನು ಕಳ್ಳನೋಟದಿಂದ ನೋಡಿದರು.

ಮೇಸ್ತ್ರಿಯ ಹೆಂಡತಿಗೆ ಅರ್ಥವಾಯಿತು. ಅವಳು ಎದ್ದು ಗೋಡೆಯ ಕಡೆ ಮುಖ ಮಾಡಿ ನಿಂತಳು. ಬಿಟ್ಟ ಕಣ್ಣು ಬಿಟ್ಟ ಹಾಗೆಯೇ ನಿಂತಿದ್ದ ಭಾವನ ತೋಳನ್ನೂ ಮೆಲ್ಲಗೆ ಹಿಡಿದು ತಿರುಗಿಸಿದಳು. ಮಂಚ ಎತ್ತಲು ಬಂದವರು ತಿರುಗಿದರು, ಮಗಳು ತಿರುಗಿದಳು, ದೀಪ ಕಾಯುತ್ತಿದ್ದ ತಾತ ಸ್ಕೂಟರನ್ನೇ ಬೀದಿಯ ಕಡೆ ತಿರುಗಿಸಿದರು. ಗೇಟು ಹಾಕುವ ಹೊತ್ತು ಹತ್ತಿರವಾಗುತ್ತಿತ್ತು. ಅಷ್ಟೂ ಜನ ಗೋಡೆ ನೋಡುತ್ತ ನಿಂತೇ ಇದ್ದರು.