ಉದ್ದನೆಯ ಕುಣಿ

“ಮೊಣಕಾಲು ಒತ್ತು ಪಂಪಣ್ಣ. ಇನ್ನಾ ಒಂದೀಟು ಒತ್ತು” ಎಂದರು ಕೊಟ್ರಯ್ಯನವರು.

ಪಂಪಣ್ಣ ಒತ್ತಿದ. ಕಾಲು ಮಡಚಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಶವಾಗಾರದ ಪೆಟ್ಟಿಗೆಯಲ್ಲಿ, ಆಮೇಲೆ ಆರು ತಾಸು ಆಂಬುಲೆನ್ಸಿನಲ್ಲಿ ನೆಟ್ಟಗೆ ಬಿದ್ದಿದ್ದ ದೇಹ ಅದು. ಪಂಪಣ್ಣ ಸತ್ತವಳ ಸೋದರಮಾವ. ತಾನು ತೊಡೆಯ ಮೇಲೆ ಆಡಿಸಿದ ಹುಡುಗಿಯ ಕಾಲನ್ನು ಅಳುತ್ತಲೇ ಒತ್ತುತ್ತಿದ್ದ. ಕೊನೆಗೆ ನಾಲ್ವರು ಹೆಂಗಸರು ಕೈ ಹಾಕಿ ಸೌಜನ್ಯಳನ್ನು ಹೇಗೋ ಗೋಡೆಗೆ ಒರಗಿಸಿ ಕೂಡಿಸಿದರು, ಹಣೆಗೆ ವಿಭೂತಿ ಹಚ್ಚಿದರು. ಕೈ ಬಿಟ್ಟ ಕೂಡಲೇ ತಲೆ ಮುಂದಕ್ಕೆ ಬಾಗಿತು.

“ಹಣಿಗೆ ಒಂದು ಬಟ್ಟಿ ಸುತ್ತಿ ಹಿಂದಿನ ಕಿಟಕಿಗೆ ಕಟ್ರಿ” ಎಂದರು ಕೊಟ್ರಯ್ಯನವರು. “ತಲಿ ನಿಂದರತೈತಿ.”

“ಕೂಡಿಸಬ್ಯಾಡ್ರಿ” ಎಂದಳು ಮೂಲೆಯಲ್ಲಿದ್ದ ತಾಯಿ ಮರುಳಸಿದ್ದಮ್ಮ. ಬೆಳಗಿನಿಂದ ಆಕೆ ಆಡಿದ ಮೊದಲ ಮಾತು ಅದು.

ಯಾರಿಗೂ ಅರ್ಥವಾಗಲಿಲ್ಲ.

“ಕೂಡಿಸಬ್ಯಾಡ್ರಿ ಅಂದೆ. ಆಕೀನ ಮಲಗಿಸ್ರಿ.”

“ನಾವು ಲಿಂಗವಂತರು, ತಂಗೀ” ಕೊಟ್ರಯ್ಯನವರು ಮೆತ್ತಗೆ ಹೇಳಿದರು. ಆ ಮನೆಯ ಹುಟ್ಟು ಸಾವು ಎರಡಕ್ಕೂ ಬರುವ ಅಯ್ಯನವರು ಅವರು. “ನಮ್ಮೋರು ಅಂಗೈಯಾಗ ಲಿಂಗ ಹಿಡಕಂಡು ಕುಂತ ಹೋಗಬೇಕು. ಕುಣೀನೂ ಕುಂದ್ರೋವಷ್ಟ ತೋಡ್ಯಾರ.”

“ಎರಡು ವರ್ಷ ನಿಂತಾಳ, ಕುಂತಾಳ. ಗಾಡಿ ಮ್ಯಾಲ ಕುಂತಕಂಡ ನಿದ್ದಿ ಹೋಗಿ ಸತ್ತಾಳಲ್ರಿ ಅಯ್ಯಾರ! ಇನ್ನಾ ಕೂಡಿಸ್ತೀರಾ?”

ಅದು ನಿಜವೇ ಆಗಿತ್ತು. ಸೌಜನ್ಯಳಿಗೆ ಇಪ್ಪತ್ತೇಳು. ಎಂಬಿಬಿಎಸ್ ಮುಗಿಸಿ, ದೂರದ ಊರಿನ ಮೆಡಿಕಲ್ ಕಾಲೇಜಿನಲ್ಲಿ ಎರಡನೇ ವರ್ಷದ ಪಿ.ಜಿ. ಮಾಡುತ್ತಿದ್ದಳು. ನಿನ್ನೆ ಬೆಳಿಗ್ಗೆ ಒಂಬತ್ತಕ್ಕೆ, ಮೂವತ್ತೆಂಟು ತಾಸಿನ ಡ್ಯೂಟಿ ಮುಗಿಸಿ, ಎರಡು ಕಿಲೋಮೀಟರ್ ದೂರದ ಹಾಸ್ಟೆಲಿಗೆ ಸ್ಕೂಟರಿನಲ್ಲಿ ಹೊರಟಿದ್ದಳು. ಸ್ಕೂಟರು ಸೀದಾ ಹೋಗಿ ಡಿವೈಡರಿಗೆ ಬಡಿಯಿತು. ರಸ್ತೆಯ ಮೇಲೆ ಬ್ರೇಕ್ ಹಾಕಿದ ಗುರುತೇ ಇರಲಿಲ್ಲವಂತೆ. ನಿದ್ದೆಯಲ್ಲಿದ್ದವರು ಬ್ರೇಕ್ ಹಾಕುವುದಿಲ್ಲ.

*

ಇಪ್ಪತ್ತು ದಿನದ ಹಿಂದೆ, ದೀಪಾವಳಿಗೆ ಅವಳಿಗೆ ಒಂದೂವರೆ ದಿನದ ರಜೆ ಸಿಕ್ಕಿತ್ತು. ತನ್ನೂರು ಕಂಪ್ಲಿಗೆ ಬಂದವಳೇ ಚಪ್ಪಲಿ ಬಿಟ್ಟು ಬಲಮಗ್ಗುಲಾಗಿ, ಕೆನ್ನೆಯ ಕೆಳಗೆ ಅಂಗೈ ಇಟ್ಟುಕೊಂಡು ಮಲಗಿಬಿಟ್ಟಳು. ಚಿಕ್ಕಂದಿನಿಂದಲೂ ಅವಳು ಮಲಗುವುದು ಹಾಗೆಯೇ. ಅಪ್ಪ ಮಲ್ಲೇಶಪ್ಪ ಭತ್ತದ ಮಿಲ್ಲಿನಲ್ಲಿ ಫಿಟ್ಟರ್. ಅವನ ಜೊತೆ ಮಿಲ್ಲಿಗೆ ಹೋದರೆ ತೌಡಿನ ಚೀಲದ ಮೇಲೆ ಮಲಗುತ್ತಿದ್ದಳು. ಮೋಟಾರು ಗಡಗಡ ಅನ್ನುವಷ್ಟು ಹೊತ್ತೂ ಗಾಢ ನಿದ್ದೆ. ಮೋಟಾರು ನಿಂತರೆ ಎಚ್ಚರ.

ಹೋಳಿಗೆ ತಣ್ಣಗಾದರೂ ಏಳಲಿಲ್ಲ. ಅಷ್ಟರಲ್ಲಿ ಓಣಿಯ ಹುಲುಗಮ್ಮ ಸಕ್ಕರೆ ಕಾಯಿಲೆಯ ರಿಪೋರ್ಟ್ ಹಿಡಿದು ಬಂದಳು. ಅವಳ ಹಿಂದೆ ಇನ್ನಿಬ್ಬರು. ಮಗಳು ಡಾಕ್ಟರು ಎಂಬ ಹೆಮ್ಮೆ ಮರುಳಸಿದ್ದಮ್ಮನಿಗೇನು ಕಡಿಮೆಯೇ? ಭುಜ ಹಿಡಿದು ಅಲ್ಲಾಡಿಸಿದಳು.

“ಏಳವ್ವ. ಐದು ನಿಮಿಷ ಇವರದು ನೋಡಿ ಮತ್ತ ಮಲಕೊ.”

ಸೌಜನ್ಯ ದಡಕ್ಕನೆ ಎದ್ದು ಕುಳಿತಳು. ಕೈ ಕತ್ತಿನಲ್ಲಿ ಸ್ಟೆತಾಸ್ಕೋಪ್ ಹುಡುಕಿತು. “ಯಾವ ಬೆಡ್?” ಎಂದಳು.

ಎಲ್ಲರೂ ನಕ್ಕರು. ಮರುಳಸಿದ್ದಮ್ಮನೂ ನಕ್ಕಳು.

ಬಂದವರು ಹೋದ ಮೇಲೆ ಅವಳು ಮಲಗಲಿಲ್ಲ. “ಇನ್ನ ನಿದ್ದಿ ಬರಂಗಿಲ್ಲವ್ವ. ಕಣ್ಣು ಮುಚ್ಚಿದ್ರ ಯಾರೋ ಕರದಂಗ ಆಕ್ಕೈತಿ. ಎದಿ ಹೊಡಕಂತೈತಿ. ಬಾತ್ರೂಮಿಗೆ ಹೋಗಿ ಸುಮ್ಮನ ಅಳತೀನಿ, ಮತ್ತ ಮುಖ ತೊಳಕಂಡು ವಾರ್ಡಿಗೆ ಹೋಗತೀನಿ. ಬಿಟ್ಟು ಬರ್ಲೇನು?”

“ಹುಚ್ಚಿ, ಇನ್ನೊಂದು ವರ್ಷ ಐತಿ ಅಷ್ಟ. ಎಲ್ಲಾರೂ ಮಾಡ್ಯಾರ” ಎಂದು ಮರುಳಸಿದ್ದಮ್ಮ ತಲೆಗೆ ಎಣ್ಣೆ ಹಚ್ಚಿ ಕಳಿಸಿದಳು. ಬಾಗಿಲಲ್ಲಿ ನಿಂತು ಕೇಳಿಸಿಕೊಂಡ ಮಲ್ಲೇಶಪ್ಪ ಎರಡು ದಿನ ಬಿಟ್ಟು, ಹೊಸ ಸೋನಾ ಮಸೂರಿಯ ಒಂದು ಚೀಲ ಹೇರಿಕೊಂಡು ಬಸ್ ಹತ್ತಿದ. ಮಗಳ ವಿಭಾಗದ ಮುಖ್ಯಸ್ಥರ ಮನೆ ಹುಡುಕಿ, ಚೀಲ ಇಳಿಸಿ, ಕೈ ಮುಗಿದು ಬಂದ. “ಹುಡುಗಿ ಭಾಳ ಸೊರಗ್ಯಾಳ ಸಾರ್, ಒಂದೀಟು ನೋಡ್ಕೊಳ್ರಿ” ಎಂದಿದ್ದ. ಅವರು ಅಕ್ಕಿ ಇಟ್ಟುಕೊಂಡು, ನೋಡಿಕೊಳ್ಳೋಣ ಎಂದಿದ್ದರು. ಮಗಳಿಗೆ ಈ ವಿಷಯ ಅವನು ಹೇಳಲೇ ಇಲ್ಲ.

*

ಹೊರಗೆ ಬಿಳಿ ಕಾರು ನಿಂತಿತು. ಆ ಮುಖ್ಯಸ್ಥರೇ ಇಳಿದರು. ಹಿಂದೆ ಹಾರ ಹಿಡಿದ ಡ್ರೈವರ್.

ಮಲ್ಲೇಶಪ್ಪ ಗಡಬಡಿಸಿ ಎದ್ದ. “ಸಾಹೇಬ್ರು ಬಂದ್ರು! ಅಷ್ಟು ದೂರದಿಂದ ಬಂದಾರ. ಏ, ಕುರ್ಚಿ ತರ್ರಿ ಜಲ್ದಿ.” ತಾನೇ ಕುರ್ಚಿ ಎತ್ತಿಕೊಂಡು ಹೊರಟ.

ಆ ಕುರ್ಚಿಯ ಕಾಲನ್ನು ಗಂಗೋತ್ರಿ ಹಿಡಿದುಕೊಂಡಳು. ಸಂಡೂರಿನ ಹುಡುಗಿ, ಸೌಜನ್ಯಳ ರೂಮ್‌ಮೇಟ್, ಶವದ ಜೊತೆ ಆಂಬುಲೆನ್ಸಿನಲ್ಲಿ ಬಂದವಳು.

“ಬ್ಯಾಡ ಅಂಕಲ್. ಅವರಿಗೆ ಕುರ್ಚಿ ಬ್ಯಾಡ.”

“ಹಂಗನಬಾರದವ್ವ. ಒಳ್ಳೇ ಮನುಷ್ಯ. ನಾ ಹೋದಾಗ...”

“ನೀವು ಹೋಗಿದ್ದಕ್ಕ ಅಂಕಲ್!” ಅವಳು ಕುರ್ಚಿಯ ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದಳು. “ನೀವು ಬಂದು ಹೋದ ಮರುದಿನ ರೌಂಡ್ಸಿನಾಗ, ಪೇಷಂಟುಗಳ ಮುಂದ, ಎಲ್ಲಾರ ಮುಂದ ಆಕೀನ ನಿಂದರಿಸಿ ನಕ್ರು. ‘ಅಪ್ಪನ್ನ ಕರಕೊಂಡು ಬರೋಕೆ ಇದೇನು ಪ್ರೈಮರಿ ಸ್ಕೂಲಾ? ಅಕ್ಕಿ ಚೆನ್ನಾಗಿದೆ’ ಅಂದ್ರು. ಅವತ್ತಿಂದ ಪನಿಶ್ಮೆಂಟ್ ಡ್ಯೂಟಿ. ಹದಿನೈದು ದಿನ ಒಂದು ರಜಾ ಇಲ್ಲ. ಬೇರೆಯವರ ಡ್ಯೂಟೀನೂ ಆಕೀಗೇ. ನಾವು ಯಾರೂ ಬಾಯಿ ಬಿಡಲಿಲ್ಲ ಅಂಕಲ್. ಪರೀಕ್ಷೆ ಪಾಸು ಮಾಡಿಸೋರು ಅವರ. ನಾನೂ ಬಿಡಲಿಲ್ಲ.”

ಮಲ್ಲೇಶಪ್ಪ ಕೈಯಲ್ಲಿದ್ದ ಕುರ್ಚಿಯನ್ನು ನೋಡಿದ. ಅದನ್ನು ಮಡಚಿ ಗೋಡೆಗೆ ಆನಿಸಿದ.

ಮುಖ್ಯಸ್ಥರು ಒಳಗೆ ಬಂದು ಹಾರ ಹಾಕಿದರು. ಡ್ರೈವರ್ ಮೊಬೈಲಿನಲ್ಲಿ ಫೋಟೋ ಹೊಡೆದ. ದುಃಖವಲ್ಲ ಅವರನ್ನು ಆರು ತಾಸು ಓಡಿಸಿಕೊಂಡು ಬಂದಿದ್ದು. ಈ ಸಾವಿಗೆ ಅವರೇ ಕಾರಣ ಎಂದು ಕಾಲೇಜಿನಲ್ಲಿ ಪಿ.ಜಿ.ಗಳೆಲ್ಲ ಕೆಲಸ ಬಿಟ್ಟು ಗೇಟಿನಲ್ಲಿ ಕೂತಿದ್ದರು.

“ತುಂಬಾ ಬ್ರೈಟ್ ಹುಡುಗಿ” ಅವರು ಮಲ್ಲೇಶಪ್ಪನ ಭುಜದ ಮೇಲೆ ಕೈ ಇಟ್ಟರು. “ಏನು ಮಾಡೋದು, ಈಗಿನ ಮಕ್ಕಳು ಗಾಡಿ ಸ್ಪೀಡಾಗಿ ಓಡಿಸ್ತಾರೆ. ಅಲ್ಲಿ ಹುಡುಗರು ಸುಮ್ಮನೆ ಗಲಾಟೆ ಮಾಡ್ತಿದ್ದಾರೆ. ಇದು ಬರೀ ಆಕ್ಸಿಡೆಂಟ್ ಅಂತ ನೀವು ಒಂದು ಮಾತು ಹೇಳಿಬಿಟ್ಟರೆ...”

ಮಲ್ಲೇಶಪ್ಪ ಆ ಕೈಯನ್ನು ಭುಜದಿಂದ ತೆಗೆದ.

“ಮಿಲ್ಲಿನಾಗ ಮೂವತ್ತು ವರ್ಷ ಆತು ಸಾರ್ ನಂದು. ಎಂಟು ತಾಸಿಗೊಮ್ಮೆ ಮೋಟಾರ್ ಬಂದ್ ಮಾಡತೀನಿ. ಬೇರಿಂಗ್ ಮುಟ್ಟಿ ನೋಡತೀನಿ, ಕಾದಿದ್ರ ಆರೋ ತನಕ ಮಾಲಕ ಬಂದು ಕೂಗಾಡಿದ್ರೂ ಸ್ವಿಚ್ ಹಾಕಂಗಿಲ್ಲ. ಅದು ಕಬ್ಬಿಣ ಸಾರ್. ಕಬ್ಬಿಣಕ್ಕ ಅಷ್ಟು ಮರ್ಯಾದಿ ಕೊಡತೀವಿ ನಾವು. ನೀವು ನನ್ನ ಮಗಳನ್ನ ಒಂದು ದಿನ ಮುಟ್ಟಿ ನೋಡಿದ್ರಾ, ಎಷ್ಟು ಕಾದಾಳ ಅಂತ?”

ಮಲ್ಲೇಶಪ್ಪ ಕೊಟ್ರಯ್ಯನವರ ಕಡೆ ತಿರುಗಿದ. “ಅಯ್ಯಾರ, ಆಕಿ ಅವ್ವ ಹೇಳಿದಂಗ ಆಗಲಿ. ಮಲಗಿಸೋಣು.”

“ನಾಳೆ ಮಂದಿ ನನ್ನ ಕೇಳತಾರ ಮಲ್ಲೇಶಪ್ಪ.”

“ನನ್ನ ಹೆಸರು ಹೇಳ್ರಿ.”

ಕೊಟ್ರಯ್ಯನವರು ಗೋಡೆಗೆ ಒರಗಿದ್ದ ಹುಡುಗಿಯನ್ನು ನೋಡಿದರು. ಆಮೇಲೆ ತಾವೇ ಹೋಗಿ ಕಿಟಕಿಗೆ ಕಟ್ಟಿದ ಬಟ್ಟೆಯನ್ನು ಬಿಚ್ಚಿದರು.

*

ಕಾಲುವೆಯ ದಂಡೆಯ ಸ್ಮಶಾನದಲ್ಲಿ ಕುಣಿ ತೋಡಿಯಾಗಿತ್ತು. ಆಳವಾಗಿ, ಗಿಡ್ಡಗೆ, ಕೂಡಿಸುವುದಕ್ಕೆ ತಕ್ಕ ಹಾಗೆ. ಮಲ್ಲೇಶಪ್ಪ ಅಂಗಿ ಬಿಚ್ಚಿ ಗುದ್ದಲಿ ಹಿಡಿದು ಒಳಗಿಳಿದ. ಪಂಪಣ್ಣನೂ ಇಳಿದ. ನೆಲ ಗಟ್ಟಿ. ಒಂದು ಗೇಣು ಉದ್ದ ಮಾಡಬೇಕಾದರೆ ಬೆವರು ಇಳಿಯುತ್ತಿತ್ತು.

ಆ ಒಂದು ಮಾತು ಸಿಕ್ಕೀತೆಂದು ಸ್ಮಶಾನದವರೆಗೂ ಬಂದಿದ್ದ ಮುಖ್ಯಸ್ಥರು ಗಡಿಯಾರ ನೋಡಿಕೊಂಡರು. “ನಾನಿನ್ನು ಹೊರಡ್ತೀನಿ. ದೂರ ಹೋಗಬೇಕು, ಬೆಳಿಗ್ಗೆ ಮೀಟಿಂಗ್ ಇದೆ.”

“ಸ್ವಲ್ಪ ನಿಂದರ್ರಿ ಸಾರ್” ಮಲ್ಲೇಶಪ್ಪ ತಲೆ ಎತ್ತದೆ ಹೇಳಿದ. “ಮಣ್ಣು ಹಾಕಿ ಹೋಗೀರಂತ.”

ಹೊರಡಲು ತಿರುಗಿದರೆ ದಾರಿ ಇರಲಿಲ್ಲ. ಮಿಲ್ಲಿನ ಹಮಾಲರು, ಓಣಿಯವರು, ರಿಪೋರ್ಟ್ ತೋರಿಸಿದ ಹುಲುಗಮ್ಮ, ಎಲ್ಲರೂ ಸುಮ್ಮನೆ ನಿಂತಿದ್ದರು. ಯಾರೂ ಒಂದು ಮಾತು ಬೈಯಲಿಲ್ಲ. ಯಾರೂ ಸರಿಯಲೂ ಇಲ್ಲ. ಎರಡು ತಾಸು ಅಗೆದರು. ಎರಡು ತಾಸು ಮುಖ್ಯಸ್ಥರು ಬಿಸಿಲಿನಲ್ಲಿ ನಿಂತರು. ಬೂಟಿನೊಳಗೆ ಕಾಲು ಬದಲಿಸಿ ಬದಲಿಸಿ ನಿಂತರು. ಕೂರಲು ಒಂದು ಕಲ್ಲಿತ್ತು, ಅದರ ಮೇಲೆ ಗಂಗೋತ್ರಿ ಕುಳಿತಿದ್ದಳು.

ಕುಣಿ ಉದ್ದವಾಯಿತು. ಮರುಳಸಿದ್ದಮ್ಮ ಸೆರಗು ಸಿಕ್ಕಿಸಿಕೊಂಡು ತಾನೇ ಇಳಿದಳು. ಮಗಳನ್ನು ಬಲಮಗ್ಗುಲಿಗೆ ಮಲಗಿಸಿಕೊಂಡಳು. ಕೊಟ್ರಯ್ಯನವರು ಎಡಗೈಯಲ್ಲಿ ಲಿಂಗ ಇಟ್ಟರು. ಬಲಗೈಯನ್ನು ತಾಯಿ ಹಿಡಿದು, ಸವರಿ ಸವರಿ, ಮೆಲ್ಲಗೆ ಮಡಚಿದಳು. ಈ ಸಲ ಮಡಚಿತು. ಅಂಗೈಯನ್ನು ಕೆನ್ನೆಯ ಕೆಳಗೆ ಸೇರಿಸಿ, ಮನೆಯಿಂದ ತಂದ ಕೌದಿ ಹೊದಿಸಿದಳು.

“ನಾ ಇನ್ನ ಎಬ್ಬಸಂಗಿಲ್ಲವ್ವ” ಎಂದಳು.

ಪಂಪಣ್ಣ ಗುದ್ದಲಿಗೆ ಕೈ ಹಾಕಿದ. ಮಲ್ಲೇಶಪ್ಪ ತಡೆದ. “ಕೈಲೆ ಹಾಕ್ರಿ. ಸಪ್ಪಳ ಆಗಬಾರದು.”

ಜನ ಬಗ್ಗಿ ಬೊಗಸೆಯಲ್ಲಿ ಮಣ್ಣು ತುಂಬಿಕೊಂಡರು. ಅಷ್ಟರಲ್ಲಿ ಮುಖ್ಯಸ್ಥರ ಫೋನು ಜೋರಾಗಿ ಹೊಡೆದುಕೊಳ್ಳತೊಡಗಿತು.

ಎಲ್ಲರ ಮುಖವೂ ಅವರ ಕಡೆ ತಿರುಗಿತು. ಮರುಳಸಿದ್ದಮ್ಮ ಕುಣಿಯೊಳಗಿಂದಲೇ ತಲೆ ಎತ್ತಿ ನೋಡಿದಳು. ಮಣ್ಣು ಮೆತ್ತಿದ ಬೆರಳನ್ನು ತುಟಿಯ ಮೇಲಿಟ್ಟಳು.

“ಶ್...”

ಅವರು ಒಂದು ಜೇಬು ತಡಕಿದರು, ಇನ್ನೊಂದು ಜೇಬು ತಡಕಿದರು. ಫೋನು ಹೊಡೆದುಕೊಳ್ಳುತ್ತಲೇ ಇತ್ತು.