ಒಂದು ಹೊತ್ತಿನ ನೀರು

ಇದೂ ಸುಕ್ಕಾಗಿದೆ, ನಿನ್ನೆ ಗಟ್ಟಿಯಾಗೇ ಇತ್ತಲ್ಲ ಈ ಎಲೆ, ಈಗ ಹಿಡಿದರೆ ಒಗೆದೊಗೆದು ಮುದುರಿದ ಬೆರಳಿನ ಹಾಗಿದೆ, ಬೇರು ಬೆಳ್ಳಗೆ ಒಣಹುಲ್ಲು — ಹನ್ನೊಂದು ತೆಂಗಿನ ಚಿಪ್ಪಲ್ಲಿ ನಾಲ್ಕು ಹೋದವು, ಇದು ಐದನೇದು, ಆರನೇದನ್ನ ನಾನು ನೋಡಲ್ಲ, ನೋಡದಿದ್ದರೆ ಸಾಯಲ್ಲ ಅಂತೇನಾದರೂ ಇದೆಯಾ, ಇಲ್ಲ, ಆದರೂ ನೋಡಲ್ಲ. ಏನು ತಪ್ಪು ಮಾಡಿದೆ ನಾನು, ಒಂದನ್ನೂ ಬದಲಿಸಿಲ್ಲ, ಅದೇ ಬಾಲ್ಕನಿ, ಅದೇ ತಂತಿ, ಚಿಪ್ಪಿನೊಳಗೆ ಅದೇ ಇದ್ದಿಲು ಅದೇ ನಾರು, ಸಂಜೆ ಕನ್ನಡಕದ ಅಂಗಡಿಯಿಂದ ಬಂದು ಚೀಲ ಕೆಳಗಿಡೋಕೆ ಮುಂಚೆ ಒಂದೊಂದಕ್ಕೂ ಒಂದು ಲೋಟ ನೀರು, ಹದಿಮೂರು ವರ್ಷದಿಂದ ಹೀಗೇ, ವರ್ಷಾ ವರ್ಷಾ ಹೂ ಬಿಟ್ಟ ಆರ್ಕಿಡ್‌ಗಳು ಈಗ ಯಾಕೆ ಮುನಿಸಿಕೊಂಡವು. ತಂಗಿ ಹೋಗಿ ನಲವತ್ತು ದಿನ. ಅವಳು ಮದುವೆಯಾಗಿ ಹೋದಳು ಅಂತ ಗಿಡ ಸಾಯುತ್ತಾ, ಗಿಡಕ್ಕೇನು ಗೊತ್ತು. ನಲವತ್ತಾರನೇ ವಯಸ್ಸಲ್ಲಿ ಮದುವೆ, ಅದೂ ಅವಳು ನರ್ಸಾಗಿರೋ ಆಸ್ಪತ್ರೆಯಲ್ಲೇ ಆಂಬುಲೆನ್ಸ್ ಓಡಿಸೋನನ್ನ, ಒಳ್ಳೆಯವನೇ, ಅದೇ ಬಂದಿರೋ ಕಷ್ಟ, ಕೆಟ್ಟವನಾಗಿದ್ದರೆ ಬೈದುಕೊಂಡಾದರೂ ನನ್ನ ಹೊತ್ತು ಹೋಗೋದು. ಅಕ್ಕನ ಕೈಗೆ ಚಿಪ್ಪು ಕೊಟ್ಟು ಹೋದಳು ಅಂತ ಅಂಗಡಿಯಲ್ಲಿ ನಾನೇ ಹೇಳಿ ನಾನೇ ನಕ್ಕೆ, ಯಜಮಾನರು ನಗಲಿಲ್ಲ, ಲೆನ್ಸ್ ಒರೆಸ್ತಾ ಕೂತರು. ಬೆಳಗ್ಗೆ ಆರಕ್ಕೆ ಎಚ್ಚರ ಆಗೋದು ಮಾತ್ರ ನಿಂತಿಲ್ಲ, ನೈಟ್ ಡ್ಯೂಟಿ ಮುಗಿಸಿ ಬರೋಳಿಗೆ ಅಂತ ಚಿಲಕ ಹಾಕದೇ ಮಲಗೋ ಅಭ್ಯಾಸ, ಈಗ ಎರಡು ಚಿಲಕ ಹಾಕಿ ಮಲಗ್ತೀನಿ, ಆರಕ್ಕೆ ಕಣ್ಣು ಬಿಟ್ಟು ಸುಮ್ಮನೆ ಬಿದ್ದಿರ್ತೀನಿ, ಮೇಲಿನ ಮನೆಯ ಗೇಟಿನ ಸದ್ದಾದರೂ ನಮ್ಮದೇ ಅನ್ನಿಸುತ್ತೆ, ಎದ್ದು ಕೂತ್ಕೊಂಡೂಬಿಡ್ತೀನಿ, ಥೂ.

ನಿನ್ನೆ ನರ್ಸರಿಯವನ ಹತ್ತಿರ ಹೋಗಲೇಬಾರದಿತ್ತು. ಸತ್ತ ಗಿಡವನ್ನ ಚಿಪ್ಪಿನ ಸಮೇತ ಎತ್ತಿಕೊಂಡು ಹೋದೆ, ತಿರುಗಿಸಿ ತಳ ನೋಡಿದ, ಏನಮ್ಮಾ ಇದು, ಚಿಪ್ಪೋ ಜರಡಿಯೋ, ನಾಲ್ಕು ತೂತು! ನಾನೇ ಕೊರೆದಿದ್ದು ಅಂದೆ ಜಂಬದಲ್ಲಿ, ಅಂಗಡಿಯಲ್ಲಿ ಲೆನ್ಸ್ ಕೊರೆಯೋ ಡ್ರಿಲ್‌ನಲ್ಲಿ, ಒಂದೂ ಸೀಳಿಲ್ಲ ನೋಡು. ಕೆಲಸ ಚೆನ್ನಾಗಿದೆ ಅಮ್ಮಾ, ಆದರೆ ಇದರಲ್ಲಿ ನೀರು ನಿಲ್ಲೋದೇ ಇಲ್ಲ, ಎರಡು ಹೊತ್ತು ಹಾಕಬೇಕು, ಬೆಳಗ್ಗೆ ಒಂದ್ಸಲ ಸಂಜೆ ಒಂದ್ಸಲ. ಹದಿಮೂರು ವರ್ಷದಿಂದ ಒಂದೇ ಹೊತ್ತು ಕಣಪ್ಪಾ. ಹಾಗಿದ್ದರೆ ಹದಿಮೂರು ತಿಂಗಳೂ ಬದುಕ್ತಿರಲಿಲ್ಲ, ಇನ್ನೊಂದು ಹೊತ್ತು ಯಾರೋ ಹಾಕ್ತಿದ್ದರು, ಮನೇಲಿ ದೆವ್ವ ಗಿವ್ವ ಇದೆಯೇನೋ ನೋಡ್ಕೊಳ್ಳಿ — ಕಿಸಕ್ಕನೆ ನಕ್ಕ. ದೆವ್ವ ಅಂತೆ, ನಿನ್ನ ತಲೆ, ನಮ್ಮ ಗಿಡಕ್ಕೆ ಇಬ್ಬನಿ ಬೀಳುತ್ತೆ ಅಂದೆ. ಹೌದು, ಬೀಳೋದು, ಆರಕ್ಕೆ ಅವಳು ಬಂದ ಸದ್ದಾದ ಮೇಲೆ ಮತ್ತೆ ನಿದ್ದೆ ಹೋಗಿ ಏಳು ಗಂಟೆಗೆ ನಾನೆದ್ದು ಬಾಲ್ಕನಿಗೆ ಬಂದರೆ ಹನ್ನೊಂದು ಚಿಪ್ಪಿನ ತಳದಲ್ಲೂ ಒಂದೊಂದು ಹನಿ ತೂಗ್ತಿರೋದು, ನನ್ನ ಆರ್ಕಿಡ್‌ಗೆ ಇಬ್ಬನಿಯೇ ಆಹಾರ ಅಂತ ಗಿರಾಕಿಗಳ ಮುಂದೆ ಎಷ್ಟು ಕೊಚ್ಚಿಕೊಂಡಿಲ್ಲ. ಇಬ್ಬನಿ. ಮೇಲೆ ಸಿಮೆಂಟಿನ ಚಾವಣಿ ಇದೆಯಲ್ಲೇ ಮಂಕೇ, ಇಬ್ಬನಿ ಎಲ್ಲಿಂದ ಬರುತ್ತೆ, ಬೇರೆಯವರ ಕಣ್ಣಿಗೆ ಕನ್ನಡಕ ಕೂರಿಸಿ ಕೂರಿಸಿ ನಿನ್ನ ಕಣ್ಣಿಗೇನಾಗಿತ್ತು.

ಅಂದರೆ ಅವಳು. ರಾತ್ರಿಯೆಲ್ಲ ವಾರ್ಡಿನಲ್ಲಿ ನಿಂತು, ಕಾಲು ಊದಿಸಿಕೊಂಡು ಬಂದು, ಮಲಗೋಕೆ ಮುಂಚೆ, ನಾನು ಏಳೋಕೆ ಮುಂಚೆ, ಸದ್ದಿಲ್ಲದೆ. ಅಯ್ಯೋ ದೇವರೇ. ಯಾಕೆ ಹೇಳಲಿಲ್ಲ ಅಂತ ಕೇಳೋಕೂ ನನಗೆ ಮುಖ ಇಲ್ಲ, ಹೇಳೋ ಹಾಗೆ ಇಟ್ಟಿದ್ದೆನಾ ನಾನು. ಮೊದಲನೇ ಗಿಡ ಕೊಳೆತಾಗ ಕೂಗಾಡಿದ್ದು ನಾನೇ, ಪೇಷೆಂಟ್‌ಗೆ ಡ್ರಿಪ್ ಏರಿಸಿದ ಹಾಗೆ ಏರಿಸ್ತೀಯಲ್ಲೇ, ಇನ್ನು ಮೇಲೆ ನನ್ನ ಗಿಡ ಮುಟ್ಟಿದರೆ ಕೈ ಮುರೀತೀನಿ, ಆಗ ಅವಳಿಗೆ ಮೂವತ್ತಮೂರು, ಮಗುವಿನ ಹಾಗೆ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತಳು. ಮಾರನೇ ದಿನವೇ ಎಲ್ಲ ಚಿಪ್ಪಿಗೂ ತೂತಿನ ಮೇಲೆ ತೂತು ಕೊರೆದೆ, ಇನ್ನು ಯಾರು ಎಷ್ಟು ಸುರಿದರೂ ನಿಲ್ಲಬಾರದು ಅಂತ. ಅವು ಒಣಗ್ತಿರೋದು ಅವಳ ಕಣ್ಣಿಗೆ ಬಿತ್ತು, ನರ್ಸ್ ಅಲ್ಲವಾ, ನನ್ನ ಕಣ್ಣಿಗೆ ಬೀಳಲಿಲ್ಲ. ಅಕ್ಕಾ ನಿನ್ನ ತೂತು ಜಾಸ್ತಿಯಾಯ್ತು ಅಂದರೆ ನಾನೆಲ್ಲಿ ಸುಮ್ಮನಿರ್ತಿದ್ದೆ, ಒಂದು ವಾರ ಮಾತು ಬಿಡ್ತಿದ್ದೆ, ಗೊತ್ತವಳಿಗೆ. ಅದಕ್ಕೇ ಬಾಯಿ ಬಿಡದೆ ನೀರು ಹಾಕಿದಳು, ಹೂ ಬಿಟ್ಟಾಗಲೆಲ್ಲ ನಿನ್ನ ಕೈಗುಣ ಅಕ್ಕಾ ಅಂದಳು, ನಾನು ಹೂಂ ಅಂದೆ, ನಾಚಿಕೆಯಿಲ್ಲದೆ ಹೂಂ ಅಂದೆ.

ಹೊರಡೋ ದಿನ ಕೇಳಿದ್ದು ಒಂದೇ ಒಂದು. ಅವನು ಕೆಳಗೆ ಪೆಟ್ಟಿಗೆ ಇಳಿಸ್ತಿದ್ದ, ಅಕ್ಕಾ ಒಂದು ಚಿಪ್ಪು ಕೊಡ್ತೀಯಾ, ಆ ನೇರಳೆ ಬಣ್ಣದ್ದು. ಕೊಟ್ಟುಬಿಡಬಾರದಾಗಿತ್ತೇನೇ ಪಾಪಿ. ಏನು ಮಾಡಿದೀಯಾ ಅಂತ ಕೊಡಲಿ, ಒಂದು ದಿನ ಒಂದು ತೊಟ್ಟು ನೀರು ಹಾಕಿದೀಯಾ ಇವಕ್ಕೆ, ಹೋಗೋಳು ಸುಮ್ಮನೆ ಹೋಗು, ನೀನಿಲ್ಲದೆ ಇಲ್ಲಿ ಯಾವುದೂ ಒಣಗಲ್ಲ — ಅಂದೆ, ಇದೇ ಬಾಯಲ್ಲಿ, ಇಷ್ಟೇ ಗಟ್ಟಿಯಾಗಿ. ಬಾಗಿಲಲ್ಲಿದ್ದಳು, ಒಂದು ಕಾಲಿಗೆ ಚಪ್ಪಲಿ ಹಾಕಿದ್ದಳು, ಇನ್ನೊಂದು ಕಾಲು ನೆಲದ ಮೇಲೆ, ಬಾಯಿ ತೆರೆದಳು. ಅಳ್ತಾಳೆ ಅಂದುಕೊಂಡೆ, ಅತ್ತರೆ ಅಳಲಿ ಅಂತ ಮುಖ ಬಿಗಿದುಕೊಂಡು ನಿಂತೆ. ಅಳೋಕೆ ತೆರೆದ ಬಾಯಲ್ಲ ಅದು. ನಲವತ್ತು ದಿನದಲ್ಲಿ ಎರಡು ಸಲ ಫೋನ್ ಮಾಡಿದಳು, ಎರಡು ಸಲವೂ ಗಿಡ ಹೇಗಿವೆ ಅಕ್ಕಾ ಅಂತಲೇ ಮೊದಲು, ನಾನು ದಿಮಾಕಿನಲ್ಲಿ, ಯಾಕೆ, ಜಮ್ಮಂತ ಇವೆ.

ಇವತ್ತು ಭಾನುವಾರ, ಮನೆಯಲ್ಲೇ ಇರ್ತಾಳೆ, ಬಸ್ಸಿನಲ್ಲಿ ಅರ್ಧ ಗಂಟೆ, ಆ ನೇರಳೆ ಬಣ್ಣದ್ದು ಇನ್ನೂ ಜೀವ ಹಿಡಿದುಕೊಂಡಿದೆ, ತಗೊಂಡು ಹೋಗಿ ಬಾಗಿಲು ತಟ್ಟಿದರೆ ಏನನ್ನಲಿ, ತಗೋ ನಿನ್ನದು ಅನ್ನಲಾ, ತಪ್ಪಾಯ್ತು ಕಣೇ ಅನ್ನಲಾ, ಜೀವಮಾನದಲ್ಲಿ ಅಂದಿಲ್ಲ, ಹೇಗೆ ಶುರು ಮಾಡೋದು ಅದನ್ನ — ಮೊದಲು ನೀರು ಹಾಕೋಣ, ಬೆಳಗಿನ ಹೊತ್ತಿನದು, ಅವಳ ಪಾಲಿನದು, ಇಷ್ಟೇ ಹಾಕ್ತಿದ್ದಳೋ ಇನ್ನೂ ಹೆಚ್ಚೋ, ಅದೂ ಗೊತ್ತಿಲ್ಲ ನನಗೆ, ನೋಡು, ಹಾಕಿದ್ದೆಲ್ಲ ನಾಲ್ಕು ತೂತಿನಿಂದ ನನ್ನ ಕಾಲ ಮೇಲೇ ಬೀಳ್ತಿದೆ, ತಣ್ಣಗೆ, ದಿನಾ ಅವಳ ಕಾಲ ಮೇಲೂ ಹೀಗೇ ಬೀಳ್ತಿತ್ತು, ಒಂದು ಮಾತು ಅಂದುಬಿಡಬಾರದಿತ್ತೇನೇ, ಅಕ್ಕಾ ಬೆಳಗ್ಗೆ ನಾನು ಹಾಕ್ತಿದ್ದೆ ಅಂತ, ಅಷ್ಟೇ, ನಾನು ಸೋತುಹೋಗ್ತಿದ್ದೆ, ಅದಕ್ಕೇ ಅನ್ನಲಿಲ್ಲ, ಒಂದು ಕಾಲಲ್ಲಿ ಚಪ್ಪಲಿ, ಬಾಯಿ ತೆರೆದಳು, ನನ್ನ ಮುಖ ನೋಡಿದಳು, ಮುಚ್ಚಿಕೊಂಡಳು — ಬಾಯಿ ತೆರೆದಳು, ಮುಚ್ಚಿಕೊಂಡಳು.